ಮಲಾವಿಯಲ್ಲಿ ಹಳೇ ಮಾತ್ರೆ ಮತ್ತೆ ನಾಟಿದ ಕಥೆ

ಒಂದೇ ಕೀಟನಾಶಕವನ್ನು ವರ್ಷಗಟ್ಟಲೆ ಹೊಡೆದರೆ ಹುಳ ಜಗ್ಗುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಮಲೇರಿಯಾ ರೋಗಾಣುವಿನ ಕಥೆಯೂ ಅದೇ.

ಎರಡನೇ ಮಹಾಯುದ್ಧದ ನಂತರ ಕ್ಲೋರೋಕ್ವಿನ್ ಅಗ್ಗದ ರಾಮಬಾಣವಾಗಿತ್ತು. ಆದರೆ ರೋಗಾಣುಗಳೆಲ್ಲ ಒಂದೇ ತರಹ ಇರುವುದಿಲ್ಲ. ಅವುಗಳ ವಂಶವಾಹಿಯಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಿರುತ್ತವೆ. ಫಾಲ್ಸಿಪಾರಂ ಎಂಬ ಮಾರಕ ಮಲೇರಿಯಾದಲ್ಲಿ, ಈ ಮಾತ್ರೆಗೆ ಸಾಯದ ತಳಿ 1950ರ ದಶಕದ ಕೊನೆಗೆ ಥಾಯ್ಲೆಂಡ್-ಕಾಂಬೋಡಿಯಾ ಗಡಿಯಲ್ಲಿ ಕಂಡಿತು. 1973ರಲ್ಲಿ ನಮ್ಮ ಅಸ್ಸಾಂನಲ್ಲೂ ಅಂಥ ತಳಿ ಪತ್ತೆಯಾಯಿತು. ಏಷ್ಯಾದ ತಳಿಯೇ ಆಫ್ರಿಕಾಕ್ಕೂ ಹಬ್ಬಿತೆಂದು ವಂಶವಾಹಿ ಪರೀಕ್ಷೆ ಹೇಳಿತು.

ಆಫ್ರಿಕಾದ ಪುಟ್ಟ ದೇಶ ಮಲಾವಿ 1993ರಲ್ಲಿ ಕ್ಲೋರೋಕ್ವಿನ್ ಕೈಬಿಟ್ಟು ಬೇರೆ ಮಾತ್ರೆ ಹಿಡಿಯಿತು. ಅಲ್ಲಿ 1992ರಲ್ಲಿ ಶೇ. 85ರಷ್ಟಿದ್ದ ಜಗ್ಗದ ತಳಿ 2000ದ ಹೊತ್ತಿಗೆ ಶೇ. 13ಕ್ಕೆ ಇಳಿಯಿತು. ಮಾತ್ರೆಯ ಕಾಟ ತಪ್ಪಿದಾಗ, ಮೂಲೆಯಲ್ಲಿ ಉಳಿದಿದ್ದ ಹಳೇ ತಳಿಗಳೇ ಮತ್ತೆ ಹೆಚ್ಚಿದ್ದವು. 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕ್ಲೋರೋಕ್ವಿನ್ ಪಡೆದ 80 ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಅದು ನಾಟಲಿಲ್ಲ. ಬದಲಿ ಮಾತ್ರೆ ಪಡೆದ 87 ಮಕ್ಕಳಲ್ಲಿ 71 ಮಂದಿಗೆ ನಾಟಲಿಲ್ಲ. ಅಂದರೆ ಹೊಸ ಮಾತ್ರೆಗೂ ರೋಗಾಣು ಜಗ್ಗದಾಗಿತ್ತು.

ಹಾಗೆಂದು ಮಲಾವಿ ಹಳೇ ಮಾತ್ರೆಯನ್ನೇ ಮತ್ತೆ ಹಂಚಲಿಲ್ಲ. ಹಂಚಿದ್ದರೆ ಜಗ್ಗದ ತಳಿ ಮತ್ತೆ ತಲೆ ಎತ್ತುತ್ತಿತ್ತು. ಫಾಲ್ಸಿಪಾರಂಗೆ ಈಗ ಅಲ್ಲೂ ಇಲ್ಲೂ ಔಷಧಿಗಳನ್ನು ಜೋಡಿಸಿ ಕೊಡುತ್ತಾರೆ. ಒಂದರಿಂದ ತಪ್ಪಿಸಿಕೊಂಡ ರೋಗಾಣು ಇನ್ನೊಂದಕ್ಕೆ ಸಿಗಲಿ ಎಂದು.

ಚಳಿಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸೋಣ. ಜ್ವರ ಇಳಿಯಿತೆಂದು ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸುವುದು ಬೇಡ. ಅರ್ಧ ಸತ್ತ ರೋಗ ಊರಿಗೇ ಹೊರೆ.