ಬಸ್ ಸ್ಟ್ಯಾಂಡಿನ ಹುಡುಗ ಮತ್ತು ಮನೆ ಕಂದಾಯದ ರಸೀದಿ

"ಬಸ್ ನಿಲ್ದಾಣದ ಬಳಿ ಸುಮಾರು 25 ವರ್ಷದ ಅಪರಿಚಿತ ಯುವಕನ ಶವ ಪತ್ತೆಯಾಗಿದೆ. ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ನೀಲಿ ಚೌಕಳಿ ಅಂಗಿ. ವಾರಸುದಾರರು ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕು."

ಇಂಥ ಸುದ್ದಿಗಳನ್ನು ನಮ್ಮಂಥ ತಾಲ್ಲೂಕು ವರದಿಗಾರರು ಆಗಾಗ ಟೈಪ್ ಮಾಡುತ್ತಲೇ ಇರುತ್ತೇವೆ. ಪೊಲೀಸರು ಕೊಟ್ಟ ಚೀಟಿ ನೋಡಿ ಎರಡು ನಿಮಿಷದಲ್ಲಿ ಕಳಿಸಿ ಮುಂದಿನ ಸುದ್ದಿಗೆ ಹೋಗುತ್ತೇವೆ. ಆದರೆ ನೀಲಿ ಚೌಕಳಿ ಅಂಗಿಯ ಆ ಹುಡುಗ ನಮಗೆ ಅಪರಿಚಿತನೇನೂ ಆಗಿರಲಿಲ್ಲ. ಎಂಟು ತಿಂಗಳು ನಾವು ಟೀ ಕುಡಿಯುವ ಅಂಗಡಿಯ ಪಕ್ಕದಲ್ಲೇ ಇದ್ದ. ಹರಿದ ಟಿಕೆಟ್‌ಗಳನ್ನು ಆರಿಸಿ ಜೋಡಿಸಿಡುತ್ತಿದ್ದ. ಯಾರೋ ಕರೆದ ಹಾಗೆ ತಿರುಗಿ ನೋಡಿ ಉತ್ತರ ಕೊಡುತ್ತಿದ್ದ. ಹೋಟೆಲಿನವರು ಎರಡು ಇಡ್ಲಿ ಕೊಡುತ್ತಿದ್ದರು. ನಿನ್ನ ಊರು ಯಾವುದಪ್ಪಾ ಅಂತ ಮಾತ್ರ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಸುದ್ದಿ ಬಂದು ಮೂರು ತಿಂಗಳಾದ ಮೇಲೆ ಪಕ್ಕದ ಜಿಲ್ಲೆಯಿಂದ ಒಬ್ಬರು ತಂದೆ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಬಂದರು. ಹುಡುಗ ಪಿಯುಸಿ ಓದಿದ್ದನಂತೆ. ಮೊದಲು ನಿದ್ದೆ ಹೋಯಿತು, ಆಮೇಲೆ ಮಾತು ಹೋಯಿತು, ಒಂದು ದಿನ ಅವನೇ ಹೊರಟುಹೋದ. "ನೀವು ಪೇಪರಿನವ್ರು ಅಲ್ಲೇ ಇದ್ರಲ್ಲ ಸ್ವಾಮಿ, ಜೀವಂತ ಇದ್ದಾಗ ಒಂದು ಫೋಟೋ ಹಾಕಬಹುದಿತ್ತಲ್ಲ" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬೀದಿಗೆ ಬಿದ್ದ, ಮನಸ್ಸು ಕದಡಿದ ಹುಡುಗರನ್ನು ನಮ್ಮ ಸರ್ಕಾರ, ನಮ್ಮ ಜನ ಇಷ್ಟು ವರ್ಷ ಯಾವ ಲೆಕ್ಕಕ್ಕೆ ಹಾಕಿಕೊಂಡರು ಅಂತ ಹುಡುಕಲು ಕೂತದ್ದು ಆಮೇಲೆ.

ಮೊದಲು ಅವರನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಪೊಲೀಸ್ ಠಾಣೆ. ಬ್ರಿಟಿಷರು 1858ರಲ್ಲಿ ಹುಚ್ಚಾಸ್ಪತ್ರೆಗಳಿಗೆಂದು ಒಂದು ಕಾಯ್ದೆ ತಂದರು. ಬೀದಿಯಲ್ಲಿ ಅಲೆಯುವ 'ಹುಚ್ಚ'ರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು ಪೊಲೀಸರ ಕೆಲಸವಾಯಿತು. 1912ರ ಕಾಯ್ದೆಯೂ ಇದೇ ದಾರಿ ಹಿಡಿಯಿತು. ಊರಿನ ಶಾಂತಿಗೆ ಇವರಿಂದ ತೊಂದರೆ ಅನ್ನುವುದೇ ಆ ಕಾಯ್ದೆಗಳ ಚಿಂತೆ. ಹಿಡಿದವನಿಗೆ ಮನೆ ಇದೆಯೇ, ತಾಯಿ ಕಾಯುತ್ತಿದ್ದಾಳೆಯೇ ಅನ್ನುವುದು ಎರಡನೇ ಮಾತು.

ಆಗ ನಮ್ಮ ನಾಡು ಹರಿದು ಹಂಚಿಹೋಗಿತ್ತು. ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡದಲ್ಲಿ ಒಂದು ಹುಚ್ಚಾಸ್ಪತ್ರೆ, ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ ಇನ್ನೊಂದು. ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ನಗುತ್ತಾರೆ. ಈ ಕಡೆ ಅದೇ ತಮಾಷೆಗೆ ನಿಮ್ಹಾನ್ಸ್ ಹೆಸರು. ಬೆಂಗಳೂರಿನ ಆಸ್ಪತ್ರೆಗೆ ಮೈಸೂರು ಸರ್ಕಾರ 1925ರಲ್ಲೇ 'ಮಾನಸಿಕ ಆಸ್ಪತ್ರೆ' ಅಂತ ಹೆಸರು ಬದಲಿಸಿತು. ಸುಮಾರು ನೂರು ವರ್ಷವಾಯಿತು, ನಮ್ಮ ಬಾಯಿ ಮಾತ್ರ ಇನ್ನೂ ಬದಲಾಗಿಲ್ಲ.

ಎರಡನೇ ಲೆಕ್ಕ ನಿಮ್ಮ ಮನೆಯಲ್ಲೇ ಇದೆ. ಗ್ರಾಮ ಪಂಚಾಯ್ತಿಗೆ ಕಟ್ಟಿದ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ, ಶಿಕ್ಷಣ, ಗ್ರಂಥಾಲಯದ ಉಪಕರಗಳ ಜೊತೆಗೆ 'ಭಿಕ್ಷುಕರ ಉಪಕರ' ಅಂತ ಒಂದು ಸಾಲು ಇರುತ್ತದೆ, ಕಂದಾಯದ ಶೇ. 3ರಷ್ಟು. ಬಹಳ ಜನ ಅದನ್ನು ಓದುವುದೇ ಇಲ್ಲ. ಮೈಸೂರು ಸಂಸ್ಥಾನ 1944ರಲ್ಲಿ ಭಿಕ್ಷಾಟನೆ ನಿಷೇಧಿಸಿತು. ಕರ್ನಾಟಕ ಆದ ಮೇಲೆ 1975ರಲ್ಲಿ ಇಡೀ ರಾಜ್ಯಕ್ಕೆ ಹೊಸ ಕಾಯ್ದೆ ಬಂತು. ಬೀದಿಯಲ್ಲಿ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡಬೇಕು, ಅದರ ಖರ್ಚಿಗೆ ಈ ಉಪಕರ.

ಹಿಡಿಯುವ ಗಾಡಿ ಬಂದಾಗ ಬೇಡುವವನು ಯಾರು, ಕಾಯಿಲೆಯಿಂದ ಅಲೆಯುವವನು ಯಾರು ಅಂತ ಯಾರು ನೋಡುತ್ತಾರೆ? ಕೊಳೆ ಬಟ್ಟೆ, ಜಡೆಗಟ್ಟಿದ ತಲೆ ಇದ್ದರೆ ಸಾಕು, ಎಲ್ಲರೂ ಒಂದೇ ಗಾಡಿಗೆ. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ರಾಜ್ಯವೇ ಬೆಚ್ಚಿಬಿತ್ತು. ಅಲ್ಲಿ ಬೇಡುವವರ ಜೊತೆಗೆ ಮಾನಸಿಕ ಕಾಯಿಲೆಯವರೂ ಸೇರಿಹೋಗಿದ್ದರು ಅನ್ನುವುದು ಆಗ ಎಲ್ಲರ ಕಣ್ಣಿಗೆ ಬಿತ್ತು. ನಾವು ವರ್ಷಾ ವರ್ಷ ಕಟ್ಟುವ ದುಡ್ಡು ಅಲ್ಲಿಗೂ ಹೋಗುತ್ತಿತ್ತು.

ಮೂರನೇ ಲೆಕ್ಕ ವಯಸ್ಸಿನದು. ಬೀದಿಗೆ ಬಿದ್ದವರು ಮಕ್ಕಳಾದರೆ ಅವರಿಗೆ ಬೇರೆ ಕಾಯ್ದೆ. 1986ರಲ್ಲಿ ಇಡೀ ದೇಶಕ್ಕೆ ಒಂದೇ ಬಾಲನ್ಯಾಯ ಕಾಯ್ದೆ ಬಂತು. 1996ರಲ್ಲಿ ಮುಂಬೈಯಲ್ಲಿ 1098 ಮಕ್ಕಳ ಸಹಾಯವಾಣಿ ಶುರುವಾಗಿ ಆಮೇಲೆ ದೇಶವೆಲ್ಲ ಹಬ್ಬಿತು. ಊರು ಬಿಟ್ಟು ರೈಲು ಹತ್ತಿದ ಮಗು ಸ್ಟೇಷನ್ನಿನಲ್ಲಿ ಇಳಿದರೆ ಹಸಿವು, ಹೊಡೆತ, ರಾತ್ರಿಯ ಭಯ ಅದನ್ನು ಕಾಯುತ್ತಿರುತ್ತವೆ. ಇದನ್ನೆಲ್ಲ ಮರೆಯಲು ಬಟ್ಟೆಗೆ ಪಂಕ್ಚರ್ ಸಲ್ಯೂಷನ್ ಹಾಕಿ ಮೂಸುವ ಹುಡುಗರನ್ನು ನೀವೂ ನೋಡಿರುತ್ತೀರಿ. 'ಕಳ್ಳ ಹುಡುಗರು' ಅಂತ ಓಡಿಸುವುದು ಸುಲಭ. ಅದು ಮಿದುಳನ್ನು ತಿನ್ನುವ ವಿಷ. ಮಕ್ಕಳಿಗೆ ಅಮಲು ಪದಾರ್ಥ ಕೊಟ್ಟವರಿಗೆ 7 ವರ್ಷದವರೆಗೆ ಜೈಲು ಅಂತ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ.

ನಮಗೆ ದೊಡ್ಡ ತೂತು ಕಾಣುವುದು ಇಲ್ಲೇ. ಹದಿನೆಂಟು ತುಂಬಿದ ಕೂಡಲೇ ಹುಡುಗ ಮಕ್ಕಳ ಕಾಯ್ದೆಯಿಂದ ಆಚೆ. ಸ್ಕಿಜೋಫ್ರೇನಿಯಾದಂಥ ಗಂಭೀರ ಕಾಯಿಲೆ, ಅಂದರೆ ಇಲ್ಲದ ದನಿ ಕೇಳಿಸುವುದು, ಎಲ್ಲರೂ ತನ್ನ ಮೇಲೆ ಸಂಚು ಮಾಡುತ್ತಿದ್ದಾರೆ ಅನ್ನಿಸುವುದು, ಹೆಚ್ಚಾಗಿ ಶುರುವಾಗುವುದು ಹದಿನೆಂಟರ ಆಚೀಚೆ ಮತ್ತು ಇಪ್ಪತ್ತರ ಹರೆಯದಲ್ಲೇ. ಕೆಲಸ ಹುಡುಕಿ ಊರು ಬಿಡುವ ವಯಸ್ಸೂ ಅದೇ. ಕೆಲವರಿಗೆ ಕಾಯಿಲೆ ಬಂದು ಮನೆ ತಪ್ಪುತ್ತದೆ, ಕೆಲವರಿಗೆ ಮನೆ ತಪ್ಪಿ ಕಾಯಿಲೆ ಬರುತ್ತದೆ. ಕಾಯುವವರು ಯಾರೂ ಇಲ್ಲದ ವಯಸ್ಸಿನಲ್ಲಿ ಎರಡೂ ಒಟ್ಟಿಗೆ ಬರುತ್ತವೆ.

ಕಾಯಿಲೆ ಅಂದಮೇಲೆ ಔಷಧಿ ಬೇಕಲ್ಲ. ಅದು ಬಹಳ ಕಾಲ ಗೋಡೆ ಕಟ್ಟಿದ ದೊಡ್ಡ ಆಸ್ಪತ್ರೆಯೊಳಗೇ ಉಳಿದಿತ್ತು. ಅದನ್ನು ಹಳ್ಳಿಗೆ ತಂದ ಹೆಮ್ಮೆ ನಮ್ಮ ರಾಜ್ಯದ್ದು. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರು ಪಕ್ಕದ ಸಕಲವಾರದಲ್ಲಿ ಹಳ್ಳಿಗಳಿಗೆಂದೇ ಒಂದು ಘಟಕ ತೆರೆಯಿತು. ದೇಶಕ್ಕೆ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು 1982ರಲ್ಲಿ. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಊರ ಹತ್ತಿರವೇ ಔಷಧಿ ಕೊಡುವ ಪ್ರಯೋಗ ನಡೆಯಿತು. ಅದನ್ನು 'ಬಳ್ಳಾರಿ ಮಾದರಿ' ಅಂತಲೇ ಕರೆದರು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಬುನಾದಿ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ 'ಮನೋಚೈತನ್ಯ' ಕ್ಲಿನಿಕ್ ಆ ದಾರಿಯ ಮುಂದುವರಿಕೆ.

ಆದರೆ ಬಳ್ಳಾರಿ ಮಾದರಿ ಮನೆ ಇದ್ದವರಿಗೆ, ಕೈ ಹಿಡಿದು ಕರೆತರುವ ಅಮ್ಮನೋ ಅಣ್ಣನೋ ಇದ್ದವರಿಗೆ. ಬಸ್ ಸ್ಟ್ಯಾಂಡಿನವನನ್ನು ಯಾರು ಕರೆತರಬೇಕು?

ಉತ್ತರ ಹೊರಗಿನಿಂದ ಬಂತು. ಮುಂಬೈಯಲ್ಲಿ ಒಬ್ಬ ಯುವಕ ತೆಂಗಿನ ಚಿಪ್ಪಿನಲ್ಲಿ ಚರಂಡಿ ನೀರು ತುಂಬಿ ಕುಡಿಯುವುದನ್ನು ಮನೋವೈದ್ಯ ಡಾ. ಭರತ್ ವಟ್ವಾನಿ ಮತ್ತು ಅವರ ಹೆಂಡತಿ ಡಾ. ಸ್ಮಿತಾ ನೋಡಿದರು. ತಮ್ಮ ನರ್ಸಿಂಗ್ ಹೋಮಿಗೆ ಕರೆತಂದು ಔಷಧಿ ಕೊಟ್ಟರು. ಹುಷಾರಾದ ಮೇಲೆ ತಿಳಿದದ್ದು, ಅವನು ಆಂಧ್ರದ ಪದವೀಧರ. ಮನೆಯವರು ಬಂದು ಕರೆದುಕೊಂಡು ಹೋದರು. ಡಾಕ್ಟರ್ ದಂಪತಿ 1988ರಲ್ಲಿ ಶ್ರದ್ಧಾ ಪುನರ್ವಸತಿ ಸಂಸ್ಥೆ ಕಟ್ಟಿದರು. ಅವರ ವಿಧಾನ ಸರಳ: ಮೊದಲು ಸ್ನಾನ, ಊಟ, ಔಷಧಿ. ಕೆಲವು ವಾರಕ್ಕೆ ಮನಸ್ಸು ತಿಳಿಯಾದಾಗ ಊರಿನ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಆಮೇಲೆ ಆ ಊರಿನ ತನಕ ಜೊತೆಗೆ ಹೋಗಿ ಬಿಟ್ಟು ಬರುವುದು. 2018ರಲ್ಲಿ ಡಾ. ವಟ್ವಾನಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚೆನ್ನೈಯಲ್ಲಿ ವಂದನಾ ಗೋಪಿಕುಮಾರ್, ವೈಷ್ಣವಿ ಜಯಕುಮಾರ್ ಅನ್ನುವ ಇಬ್ಬರು ಗೆಳತಿಯರು ಓದು ಮುಗಿಸುವ ವಯಸ್ಸಿನಲ್ಲೇ, 1993ರಲ್ಲಿ, ಬೀದಿಯ ಹೆಂಗಸರಿಗಾಗಿ 'ದಿ ಬ್ಯಾನಿಯನ್' ಶುರು ಮಾಡಿದರು.

ಕೋರ್ಟೂ ಎಚ್ಚೆತ್ತುಕೊಂಡಿತು. ಅಪರಾಧ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿ ಇಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 1993ರಲ್ಲಿ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಿತು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದರಿಂದ ಓಡಲಾಗದೆ 28 ಜನ ಸತ್ತರು.

ಇದೆಲ್ಲದರ ಹಿಂದೆಯೇ ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಜಾರಿಯಾದದ್ದು 2018ರ ಮೇನಲ್ಲಿ. ಇದರ 100ನೇ ಕಲಂ ಓದಿದಾಗ ನಮಗೆ ಆ ತಂದೆಯ ಮುಖ ನೆನಪಾಯಿತು. ಕಾಯಿಲೆಯಿಂದ ಅಲೆಯುತ್ತಾ ತನ್ನನ್ನು ತಾನು ನೋಡಿಕೊಳ್ಳಲಾಗದವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಳ್ಳಬೇಕು. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಸೇರಿಸಬೇಕು. ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಮನೆಯಿಲ್ಲದೆ ಅಲೆಯುತ್ತಿದ್ದರೆ ಕಾಣೆಯಾದ ವ್ಯಕ್ತಿ ಅಂತ ಎಫ್‌ಐಆರ್ ದಾಖಲಿಸಿ, ಮನೆಯವರನ್ನು ಹುಡುಕುವ ಹೊಣೆ ಆ ಠಾಣೆಯ ಇನ್‌ಸ್ಪೆಕ್ಟರದ್ದು. ಅಂದರೆ ಸತ್ತ ಮೇಲೆ ವಾರಸುದಾರರನ್ನು ಕೇಳುವುದಲ್ಲ, ಬದುಕಿರುವಾಗಲೇ ಹುಡುಕುವುದು. ಇನ್ನೊಂದು ಕಲಂ ಪ್ರಕಾರ ನಿರ್ಗತಿಕರಿಗೆ, ಮನೆಯಿಲ್ಲದವರಿಗೆ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡ್ ಕೇಳುವಂತಿಲ್ಲ.

ಹಿಡಿಯುವುದೂ ಪೊಲೀಸರೇ, 1858ರಲ್ಲಿದ್ದ ಹಾಗೇ. ಆದರೆ ಕೊಂಡೊಯ್ಯುವ ಜಾಗ ಬದಲಾಗಿದೆ. ಕಾಗದದ ಮೇಲಾದರೂ.

ಯಾಕೆ ಕಾಗದದ ಮೇಲೆ ಅನ್ನುತ್ತೇವೆ ಅಂದರೆ, ಇವರು ಎಷ್ಟು ಜನ ಅನ್ನುವ ಲೆಕ್ಕವೇ ಸರಿಯಾಗಿಲ್ಲ. 2011ರ ಜನಗಣತಿ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ಮನೆಯಿಲ್ಲದವರು ಅಂದಿತು. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೊಡ್ಡ ಕೆಲಸವೇ. ಆದರೆ ಅದು ಮನೆ ಮನೆಗೆ ಹೋಗಿ ಮಾಡಿದ ಸಮೀಕ್ಷೆ. ಮನೆಯೇ ಇಲ್ಲದವನ ಬಾಗಿಲು ಯಾರು ತಟ್ಟುತ್ತಾರೆ?

ಕಳೆದ ತಿಂಗಳು ಅದೇ ಟೀ ಅಂಗಡಿಯ ಹತ್ತಿರ ಇನ್ನೊಬ್ಬ ಹುಡುಗ ಬಂದು ಕೂತಿದ್ದ. ಇಪ್ಪತ್ತರ ಒಳಗೇ ಇರಬೇಕು. ಈ ಸಲ ನಾವು ಬನ್ ಕೊಟ್ಟು ಪಕ್ಕದಲ್ಲಿ ಕೂತೆವು. ಮೊದಲ ದಿನ ಮಾತಿಲ್ಲ. ಮೂರನೇ ದಿನ ಒಂದು ಮಾತು ಆಡಿದ, ತೆಲುಗಿನಲ್ಲಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಹೇಗೆ ಮಾತಾಡಿಸಬೇಕು ಅಂತ ಕೇಳಿಕೊಂಡೆವು, ಆಮೇಲೆ 112ಕ್ಕೆ ಫೋನ್ ಹೋಯಿತು. ಬಂದ ಪೊಲೀಸಪ್ಪನಿಗೆ 100ನೇ ಕಲಂ ಮೊಬೈಲಿನಲ್ಲಿ ತೋರಿಸಿದಾಗ ಅವರು ಎರಡು ಸಲ ಓದಿ, "ಇದು ನಮಗೂ ಗೊತ್ತಿರಲಿಲ್ಲ ಬಿಡಿ" ಅಂದು ಜೀಪು ಹತ್ತಿಸಿಕೊಂಡು ಆಸ್ಪತ್ರೆಗೆ ಹೋದರು. ಹುಡುಗ ಈಗ ವಾರ್ಡಿನಲ್ಲಿದ್ದಾನೆ. ಊರಿನ ಹೆಸರು ಇನ್ನೂ ಹೇಳಿಲ್ಲ. ತಂಗಿಯ ಹೆಸರು ಹೇಳಿದ್ದಾನಂತೆ.