ಹೂವೊಂದು, ಹೆಸರೆರಡು

ಪೂಜೆಯ ಬುಟ್ಟಿಯಲ್ಲಿರುವ ಸೇವಂತಿಗೆಯನ್ನು ಎಲ್ಲರೂ ಒಂದು ಹೂವು ಎಂದೇ ಎಣಿಸುತ್ತಾರೆ. ಆದರೆ ಸಸ್ಯಶಾಸ್ತ್ರದ ಲೆಕ್ಕವೇ ಬೇರೆ. ಅದರ ಪ್ರಕಾರ ಸೇವಂತಿಗೆ ಎಂದರೆ ಒತ್ತೊತ್ತಾಗಿ ಕುಳಿತ ಹತ್ತಾರು, ಕೆಲವೊಮ್ಮೆ ನೂರಾರು ಪುಟ್ಟ ಹೂಗಳ ಗುಂಪು. ನಾವು ಎಸಳು ಎಂದು ಬಿಡಿಸಿ ಹಾಕುವ ಒಂದೊಂದೂ ಒಂದು ಬಿಡಿ ಹೂವು.

ಸೇವಂತಿಗೆ, ಚೆಂಡು ಹೂವು, ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳು, ಅಷ್ಟೇಕೆ, ರೈತರನ್ನು ಕಾಡುವ ಪಾರ್ಥೇನಿಯಂ ಕೂಡ ಒಂದೇ ಕುಟುಂಬಕ್ಕೆ ಸೇರಿದವು. 25 ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ದೊಡ್ಡ ಕುಟುಂಬಕ್ಕೆ ಎರಡು ಹೆಸರುಗಳಿವೆ. ಒಂದು 'ಕಾಂಪೊಸಿಟೀ', ಇನ್ನೊಂದು 'ಆಸ್ಟರೇಸೀ'. ಎರಡಕ್ಕೂ ಶಾಸ್ತ್ರದ ಮಾನ್ಯತೆ ಇದೆ. ಒಂದು ಕುಟುಂಬಕ್ಕೆ ಎರಡು ಹೆಸರು ಏಕೆ?

'ಕಾಂಪೊಸಿಟೀ' ಲ್ಯಾಟಿನ್ ಮೂಲದ ಪದ. 'ಜೊತೆಗೂಡಿಸಿ ಇಟ್ಟದ್ದು' ಎಂದು ಅದರ ಅರ್ಥ. ಸೂರ್ಯಕಾಂತಿಯನ್ನು ಹತ್ತಿರದಿಂದ ನೋಡಿದರೆ ಈ ಹೆಸರು ಎಷ್ಟು ಸರಿ ಎಂಬುದು ತಿಳಿಯುತ್ತದೆ. ನಡುವಿನ ತಟ್ಟೆಯಲ್ಲಿ ಕೊಳವೆಯಂಥ ಸಣ್ಣ ಹೂಗಳು ಸಾವಿರಕ್ಕೂ ಮಿಕ್ಕಿ ಇರಬಹುದು. ಸುತ್ತಲಿನ ಹಳದಿ ಎಸಳುಗಳೂ ಹೂಗಳೇ. ಆದರೆ ಅವು ಕಾಳು ಕಟ್ಟುವುದಿಲ್ಲ, ಜೇನ್ನೊಣಗಳನ್ನು ಕರೆಯುವುದಷ್ಟೇ ಅವುಗಳ ಕೆಲಸ. ನಡುವಿನ ಒಂದೊಂದು ಹೂವಿಗೆ ಒಂದೊಂದೇ ಕಾಳು. ಒಂದು ತೆನೆಯಲ್ಲಿ ಅಷ್ಟೊಂದು ಕಾಳು ತುಂಬುವ ಗುಟ್ಟು ಇದು. ಹೂಗಳ ಈ ಗುಂಪನ್ನು ಸಸ್ಯಶಾಸ್ತ್ರಜ್ಞರು 'ಕ್ಯಾಪಿಟ್ಯುಲಮ್', ಅಂದರೆ 'ಪುಟ್ಟ ತಲೆ' ಎನ್ನುತ್ತಾರೆ.

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ಕೇಸರಗಳ ಆಧಾರದ ಮೇಲೆ ಸಸ್ಯಗಳನ್ನು ವಿಂಗಡಿಸಿದಾಗ ಈ ಗಿಡಗಳನ್ನು 'ಸಿಂಜೆನೇಸಿಯಾ' ಎಂಬ ವರ್ಗದಲ್ಲಿಟ್ಟ. ಪುಟ್ಟ ಹೂವಿನೊಳಗಿನ ಪರಾಗಕೋಶಗಳು ಒಂದಕ್ಕೊಂದು ಅಂಟಿ ಕೊಳವೆಯಂತಾಗಿರುವುದೇ ಅದಕ್ಕೆ ಕಾರಣ. ಲಿನೇಯಸ್ 1778ರಲ್ಲಿ ತೀರಿಕೊಂಡ. ಸಸ್ಯ ಕುಟುಂಬಗಳ ಬಗ್ಗೆ ಅವನು ಮಾಡಿದ್ದ ಪಾಠಗಳನ್ನು ಶಿಷ್ಯ ಪಾಲ್ ಗೀಸೆಕೆ 1792ರಲ್ಲಿ ಪ್ರಕಟಿಸಿದ. 'ಕಾಂಪೊಸಿಟೀ' ಎಂಬ ಹೆಸರಿಗೆ ಇಂದಿಗೂ ಆಧಾರವೆಂದು ತೋರಿಸುವುದು ಗೀಸೆಕೆಯ ಆ ಪ್ರಕಟಣೆಯನ್ನೇ.

'ಆಸ್ಟರೇಸೀ' ಬಂದದ್ದು 1820ರಲ್ಲಿ. ಆ ಕುಟುಂಬದ 'ಆಸ್ಟರ್' ಎಂಬ ಕುಲ ಅದಕ್ಕೆ ಮೂಲ. ಗ್ರೀಕ್ ಭಾಷೆಯಲ್ಲಿ 'ಆಸ್ಟರ್' ಎಂದರೆ ನಕ್ಷತ್ರ. ನಡುವೆ ದುಂಡು, ಸುತ್ತ ಕಿರಣದಂತೆ ಚಾಚಿದ ಎಸಳು. ದೂರದಿಂದ ನೋಡಿದವರಿಗೆ ನಕ್ಷತ್ರ ನೆನಪಾದರೆ ಆಶ್ಚರ್ಯವಿಲ್ಲ.

ಈ ನಕ್ಷತ್ರದ ಹೂಗಳ ಅಧ್ಯಯನಕ್ಕೆ ಜೀವನ ಮುಡಿಪಿಟ್ಟವನು ಖಗೋಳ ವಿಜ್ಞಾನಿಗಳ ಮನೆತನದವನೇ ಎಂಬುದು ಸ್ವಾರಸ್ಯಕರ. ಅವನ ಹೆಸರು ಆನ್ರಿ ಕಸಿನಿ (1781-1832). ಶನಿಗ್ರಹದ ಉಂಗುರಗಳ ನಡುವಿನ ಸಂದನ್ನು 1675ರಲ್ಲಿ ಗುರುತಿಸಿದ ಜೊವಾನ್ನಿ ಕಸಿನಿಯ ವಂಶದ ಐದನೆಯ ತಲೆಮಾರು. ಅವನ ತಂದೆ, ತಾತ, ಮುತ್ತಾತ ಎಲ್ಲರೂ ಆಕಾಶ ನೋಡಿದವರು. ಆನ್ರಿ ಮಾತ್ರ ವೃತ್ತಿಯಲ್ಲಿ ನ್ಯಾಯಾಧೀಶನಾಗಿದ್ದು, ಬಿಡುವಿನಲ್ಲಿ ಈ ಹೂಗಳನ್ನು ಬಿಡಿಸಿ ನೋಡಿದ. ಪ್ಯಾರಿಸಿನಲ್ಲಿ ಕಾಲರಾ ಹಬ್ಬಿದ್ದಾಗ ಅದಕ್ಕೇ ಬಲಿಯಾದ.

ಕರ್ನಾಟಕದ ಹೂವಿನ ಮಾರುಕಟ್ಟೆಗೂ ಅವನಿಗೂ ನಂಟುಂಟು. ಇಲ್ಲಿ ಆಸ್ಟರ್ ಎಂದು ಮಾರುವ ಚೀನಾ ಮೂಲದ ಹೂವನ್ನು ಲಿನೇಯಸ್ ಆಸ್ಟರ್ ಕುಲಕ್ಕೇ ಸೇರಿಸಿದ್ದ. ಕಸಿನಿ 1825ರಲ್ಲಿ ಅದಕ್ಕೆಂದೇ 'ಕ್ಯಾಲಿಸ್ಟೆಫಸ್' ಎಂಬ ಬೇರೆ ಕುಲ ಮಾಡಿದ. 'ಸುಂದರ ಕಿರೀಟ' ಎಂದು ಅದರರ್ಥ. ಶಾಸ್ತ್ರ ಹೆಸರು ಬದಲಿಸಿದರೂ ಮಾರುಕಟ್ಟೆ ಹಳೆಯ ಹೆಸರನ್ನು ಬಿಟ್ಟಿಲ್ಲ.

ಕುಟುಂಬದ ಹೆಸರು ಒಂದು ಕುಲದ ಹೆಸರಿನಿಂದ ಹುಟ್ಟಿ 'ಏಸೀ' ಎಂದು ಮುಗಿಯಬೇಕೆಂಬುದು ಈಗಿನ ಅಂತರರಾಷ್ಟ್ರೀಯ ನಿಯಮ. ಬಳಕೆಯಲ್ಲಿ ಬೇರೂರಿದ್ದ ಕೆಲವೇ ಹಳೆಯ ಹೆಸರುಗಳಿಗೆ ವಿನಾಯಿತಿ ಸಿಕ್ಕಿದೆ. ಹುಲ್ಲಿನ ಕುಟುಂಬ, ತೆಂಗು-ಅಡಿಕೆಗಳ ಕುಟುಂಬಗಳಿಗೂ ಹೀಗೆಯೇ ಎರಡೆರಡು ಹೆಸರುಗಳಿವೆ. 'ಕಾಂಪೊಸಿಟೀ' ಉಳಿದದ್ದೂ ಈ ವಿನಾಯಿತಿಯಿಂದಲೇ.

ಈಚಿನ ಪುಸ್ತಕಗಳಲ್ಲಿ 'ಆಸ್ಟರೇಸೀ'ಯ ಬಳಕೆಯೇ ಹೆಚ್ಚು. ನಿಯಮಕ್ಕೆ ಅದು ಒಪ್ಪುತ್ತದೆ, ಕೇಳಲೂ ಚೆಂದ. ಆದರೆ ನಕ್ಷತ್ರ ಎಂಬ ಹೆಸರು ಹೇಳುವುದು ಹೂವಿನ ಹೊರಗಿನ ಆಕಾರವನ್ನಷ್ಟೇ. ಒಂದು ಎಂದುಕೊಂಡದ್ದು ನೂರು ಎಂಬ ಸತ್ಯವನ್ನು ವಿದ್ಯಾರ್ಥಿಗೆ ತಿಳಿಸುವುದು ಹಳೆಯ ಹೆಸರು. ಅದನ್ನು ಪೂರ್ತಿ ಮರೆಯದಿರಲು ಅಷ್ಟು ಕಾರಣ ಸಾಕು.