ಕೆಂಪೇಗೌಡ್ರ ಮನೆ ಸೊಸೆ

ಕಾರ್ತೀಕದ ಕೊನೇ ಸೋಮವಾರ ಸೊಸೇನ ಕರ್ಕೊಂಡು ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋಗಿದ್ದೆ. ಅವಳಿಗೆ ಆಗ ಐದನೇ ತಿಂಗಳು. ನೂಕುನುಗ್ಗಲು ಬೇಡ ಅಂತ ಬೆಳಿಗ್ಗೆ ಏಳಕ್ಕೇ ದೊಡ್ಡ ಬಸವಣ್ಣನ ದರ್ಶನ ಮುಗಿಸಿ, ಎರಡು ಸೇರು ಕಡಲೆಕಾಯಿ ತಗೊಂಡು ಕಟ್ಟೆ ಮೇಲೆ ಕೂತ್ವಿ. ಅವಳು ಹುಬ್ಬಳ್ಳಿ ಕಡೆಯೋಳು. "ಅತ್ತಿ, ಈ ಗುಡಿ ಯಾರು ಕಟ್ಟಿಸ್ಯಾರ್ರೀ?" ಅಂದ್ಲು.

"ನಮ್ಮ ಕೆಂಪೇಗೌಡ್ರು ಕಣೇ" ಅಂತ ಶುರು ಮಾಡಿದೆ. ನಿಮಗೆಲ್ಲ ಗೊತ್ತಿರೋದೇ, ಆದ್ರೂ ಹೇಳ್ತೀನಿ.

ಕೆಂಪೇಗೌಡ್ರು ಮಹಾರಾಜರೇನಲ್ಲ. ಯಲಹಂಕದ ನಾಡಪ್ರಭುಗಳು, ವಿಜಯನಗರದ ಕೈಕೆಳಗಿದ್ದೋರು. 1537ರಲ್ಲಿ, ಅಚ್ಯುತದೇವರಾಯರ ಕಾಲದಲ್ಲಿ, ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿ ಪೇಟೆ ಎಬ್ಬಿಸಿದ್ರು. ಚಿಕ್ಕಪೇಟೆ, ದೊಡ್ಡಪೇಟೆ ಸೇರೋ ಕಡೆ ನಾಲ್ಕು ಜೊತೆ ಎತ್ತಿಗೆ ನೇಗಿಲು ಕಟ್ಟಿ ನಾಲ್ಕು ದಿಕ್ಕಿಗೂ ಬಿಟ್ರಂತೆ. ನೇಗಿಲ ಸಾಲೇ ಬೀದಿ ಆಯ್ತಂತೆ. ದೊಡ್ಡಪೇಟೆ ಅಂದ್ರೆ ಈಗಿನ ಅವೆನ್ಯೂ ರಸ್ತೆ. ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಹೀಗೆ ಕಸುಬಿಗೊಂದು ಬೀದಿ.

ನಮ್ಮೂರಿಗೆ ದೊಡ್ಡ ಹೊಳೆ ಇಲ್ಲ. ಅದಕ್ಕೇ ಕೆರೆ ಕಟ್ಟಿಸಿದ್ರು. ಕೆಂಪಾಂಬುಧಿ ಇನ್ನೂ ಗವಿಪುರದ ಪಕ್ಕ ಇದೆ. ಧರ್ಮಾಂಬುಧಿ ಹೋಗಿ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯ್ತು. ಅದಕ್ಕೂ ಅವರದೇ ಹೆಸರು. ಅಪ್ಪಣೆ ಇಲ್ದೆ ನಾಣ್ಯ ಹೊಡೆಸಿದ್ರು ಅಂತ ವಿಜಯನಗರದೋರು ಅವರನ್ನ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ರು. ಬಿಡುಗಡೆಯಾಗಿ ಬಂದು ಮತ್ತೆ ನಾಡು ಆಳಿದ್ರು. 1569ರಲ್ಲಿ ತೀರ್ಕೊಂಡ್ರು.

ಆಮೇಲೆ ಲಕ್ಷ್ಮಮ್ಮನ ಕಥೆ ಬಂತು. ಕೋಟೆ ಹೆಬ್ಬಾಗಿಲು ಹಗಲು ಕಟ್ಟಿದ್ರೆ ರಾತ್ರಿ ಬೀಳ್ತಿತ್ತಂತೆ. ಗರ್ಭಿಣೀನ ಬಲಿ ಕೊಡ್ಬೇಕು ಅಂದ್ರಂತೆ. ಗೌಡ್ರು ಒಪ್ಪಲಿಲ್ಲ. ತುಂಬು ಗರ್ಭಿಣಿ ಸೊಸೆ ಲಕ್ಷ್ಮಮ್ಮ ರಾತ್ರಿ ಒಬ್ಬಳೇ ಹೋಗಿ ಕತ್ತು ಕೊಯ್ಕೊಂಡ್ಲಂತೆ. ಬಾಗಿಲು ನಿಂತ್ತು. ಈ ಕಥೆ ನಮ್ಮತ್ತೆ ನನಗೆ ಹೇಳಿದ್ದು. ಮೂವತ್ತು ವರ್ಷದಿಂದ ನಾನೂ "ಸೊಸೆ ಅಂದ್ರೆ ಹಿಂಗಿರ್ಬೇಕು" ಅಂತ ಕೊನೇಲಿ ಸೇರಿಸಿ ಹೇಳ್ತಾ ಬಂದಿದ್ದೆ. ಅವತ್ತೂ ಬಾಯಿಗೆ ಬಂದಿತ್ತು.

ಸೊಸೆ ಕಡಲೆಕಾಯಿ ಬಿಡಿಸೋದು ನಿಲ್ಲಿಸಿದ್ಲು. "ಬ್ಯಾಡ ಅಂದ್ರೂ ಹೋದ್ಲಲ್ರೀ ಅತ್ತಿ. ಮನ್ಯಾಗ ಯಾರಿಗೂ ಗೊತ್ತ ಆಗಲಿಲ್ಲೇನು, ಆಕಿ ಏನ್ ಮಾಡಾಕತ್ತಾಳ ಅಂತ?"

ನನಗೆ ಉತ್ತರ ಹೊಳೀಲಿಲ್ಲ. ನಾನು ಆರು ತಿಂಗಳ ಬಸುರಿ ಇದ್ದಾಗಿನ ಬೇಸಿಗೆ ನೆನಪಾಯ್ತು. ಬೀದಿ ಕೊನೆ ಬೋರ್‌ವೆಲ್ಲಿಂದ ದಿನಾ ಹನ್ನೆರಡು ಕೊಡ ನೀರು ತರ್ತಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ಹೋಗ್ತಿದ್ದೆ. "ಬೇಡ ಕಣಮ್ಮ" ಅಂತ ಎಲ್ರೂ ಬಾಯಲ್ಲಿ ಅಂದ್ರು. ಕೊಡ ಮಾತ್ರ ಯಾರೂ ಇಸ್ಕೊಳ್ಳಲಿಲ್ಲ. ಒಳ್ಳೇ ಸೊಸೆ ಅಂತ ಬೀದಿಗೆಲ್ಲ ಹೆಸರಾಯ್ತು.

ಗೌಡ್ರ ಮೇಲಿನ ಗೌರವ ನನಗೇನೂ ಕಮ್ಮಿ ಆಗಿಲ್ಲ. ವಿಮಾನ ನಿಲ್ದಾಣದ ಹತ್ರ 2022ರಲ್ಲಿ ನಿಲ್ಲಿಸಿದ ಅವರ 108 ಅಡಿ ಪ್ರತಿಮೆ ನೋಡಿ ಕೈ ಮುಗಿದೋಳೇ ನಾನು. ಆದ್ರೆ ಕೋರಮಂಗಲದಲ್ಲಿರೋ ಲಕ್ಷ್ಮಮ್ಮನ ಸಮಾಧಿಗೆ ಒಂದ್ಸಲಾನೂ ಹೋಗಿರಲಿಲ್ಲ. ಹೋದ ವಾರ ಹೋಗಿ ಹೂವು, ಅರಿಶಿನ ಕುಂಕುಮ ಇಟ್ಟು ಬಂದೆ.

ಮೊಮ್ಮಗು ದೊಡ್ಡದಾದ ಮೇಲೆ ಅದಕ್ಕೂ ಈ ಕಥೆ ಹೇಳ್ತೀನಿ. ಆ ಕೊನೇ ಮಾತು ಮಾತ್ರ ಸೇರಿಸೋಲ್ಲ. ಅವತ್ತು ಮನೆಗೆ ಬರುವಾಗ ಕಡಲೆಕಾಯಿ ಚೀಲ ಅವಳ ಕೈಲಿತ್ತು. ಬೇಡ ಅಂತ ಅನ್ನಲಿಲ್ಲ, ಇಸ್ಕೊಂಡೆ.